ಚಿಂಗ್‌ಡಾವ್ ಬಂದರಿನಲ್ಲಿ ನಿಂತ ನಮ್ಮ ಮೆಣಸಿನಕಾಯಿ

ಮೊದಲೇ ಹೇಳಿಬಿಡುತ್ತೇನೆ, ನಾನು ಸಿಟ್ಟಿನ ಹೆಂಗಸು. ರಾಣೆಬೆನ್ನೂರಿನ ನಮ್ಮ ಓಣಿಯಲ್ಲಿ ಹಾಲು ಹಾಕುವವನಿಂದ ಹಿಡಿದು ನಮ್ಮತ್ತೆಯವರೆಗೆ ಎಲ್ಲರಿಗೂ ಇದು ಗೊತ್ತು. ಆದರೆ ಆ ವರ್ಷದ ಸಿಟ್ಟು ಬೇರೆಯೇ ಇತ್ತು. ಬ್ಯಾಡಗಿಯ ಒಂದು ಶೆಡ್ಡಿನ ಬಾಗಿಲಲ್ಲಿ ಹುಟ್ಟಿ, ಚೀನಾದ ಒಂದು ಬಂದರಿನವರೆಗೆ ನನ್ನ ಜೊತೆ ಬಂದು, ತಿರುಗಿ ಅದೇ ಬಾಗಿಲಿಗೆ ಬಂದು ನಿಂತಿತು.

ಬ್ಯಾಡಗಿಯಿಂದ ಮೆಣಸಿನಕಾಯಿ ಹೊರದೇಶಕ್ಕೆ ಕಳಿಸುವ ಸಾವಕಾರರೊಬ್ಬರ ಹತ್ತಿರ ನಾನು ಮಾಲಿನ ಗುಣಮಟ್ಟ ನೋಡುತ್ತಿದ್ದೆ. ತೇವ ಎಷ್ಟಿದೆ, ಬಣ್ಣ ಹೇಗಿದೆ, ಕಸಕಡ್ಡಿ ಇದೆಯೇ ಎಂದು ಪರೀಕ್ಷಿಸಿ, ಸರಿ ಇದ್ದರೆ ಸಹಿ ಹಾಕುವುದು ನನ್ನ ಕೆಲಸ. ಶೆಡ್ಡಿನಲ್ಲಿ ಮೋಟೆಬೆನ್ನೂರಿನಿಂದ ಬರುವ ಹೆಂಗಸರ ಒಂದು ಗುಂಪಿತ್ತು. ನೆಲದ ಮೇಲೆ ಸಾಲಾಗಿ ಕೂತು, ಕಾಯಿಯ ತೊಟ್ಟು ಮುರಿದು ಬೇರೆ ಮಾಡುವುದು ಅವರ ಕೆಲಸ. ಇಡೀ ದಿನ ಮೆಣಸಿನಕಾಯಿ ಹಿಡಿದ ಕೈ ಹೇಗೆ ಉರಿಯುತ್ತದೆ ಎಂದು ಹಿಡಿದವರಿಗೇ ಗೊತ್ತು. ಸಂಜೆ ಮನೆಗೆ ಹೋಗಿ ಕೂಸನ್ನು ಮುಟ್ಟುವ ಮೊದಲು ಕೊಬ್ಬರಿ ಎಣ್ಣೆ ತಿಕ್ಕಿ ತೊಳೆಯುತ್ತಾರೆ. ಆ ಗುಂಪಿಗೆ ಒಬ್ಬ ಹಿರಿಯಳಿದ್ದಳು. ಎಲ್ಲರನ್ನೂ ಬೆಳಗಿನ ಬಸ್ಸಿಗೆ ಹತ್ತಿಸುವವಳು, ಯಾರಿಗೆ ಮೈ ಹುಷಾರಿಲ್ಲ, ಯಾರ ಮನೆಯಲ್ಲಿ ಜಗಳ, ಎಲ್ಲ ತಿಳಿದವಳು. ನಾನು ಅವಳನ್ನು ಯಕ್ಕಾ ಎನ್ನುತ್ತಿದ್ದೆ, ಅವಳು ನನ್ನನ್ನು ಅಕ್ಕಾರ ಎನ್ನುತ್ತಿದ್ದಳು. ಯಾರು ಯಾರಿಗೆ ಅಕ್ಕ ಎಂದು ನಾವಿಬ್ಬರೂ ತಲೆ ಕೆಡಿಸಿಕೊಳ್ಳಲಿಲ್ಲ.

ಹಂಗಾಮು ಜೋರಾಗಿದ್ದಾಗಲೇ ಚಿಂಗ್‌ಡಾವಿನಿಂದ ಸುದ್ದಿ ಬಂತು. ನಾವು ಕಳಿಸಿದ ಕಂಟೇನರನ್ನು ಅಲ್ಲಿಯ ಬಂದರಿನಲ್ಲಿ ತೆಗೆದು ನೋಡಿದರೆ ಮಾಲಿಗೆ ಬೂಷ್ಟು ಹಿಡಿದಿದೆ, ಒಳಗೆ ಬಿಡುವುದಿಲ್ಲ ಎಂದು. ಜೊತೆಗೆ ಫೋಟೊ. ಕೆಂಪಗೆ ಮಿನುಗಬೇಕಾದ ಬ್ಯಾಡಗಿ ಕಾಯಿ ಒಲೆಯ ಬೂದಿಯಲ್ಲಿ ಹೊರಳಾಡಿಸಿದ ಹಾಗೆ ಕಂಡಿತು. ಸಾವಕಾರರು ಫೋಟೊ ನೋಡಿದರು, ಹೊರಗೆ ಕೂತ ಹೆಂಗಸರನ್ನು ನೋಡಿದರು, ಅಷ್ಟಕ್ಕೇ ಅವರ ವಿಚಾರಣೆ ಮುಗಿಯಿತು. ನೀರು ಕುಡಿದ ಕೈ, ಊಟ ಮಾಡಿದ ಕೈ, ಒದ್ದೆ ಕೈಯಲ್ಲೇ ಕಾಯಿ ಮುಟ್ಟಿದ್ದಾರೆ, ಅದಕ್ಕೇ ಕೊಳೆತಿದೆ ಎಂದು ತೀರ್ಪು ಕೊಟ್ಟರು. ನಮ್ಮ ಕಡೆಯ ಯಾರೂ ಇನ್ನೂ ಒಂದು ಚೀಲ ಬಿಚ್ಚಿ ನೋಡಿರಲಿಲ್ಲ.

ಮರುದಿನದಿಂದ ಬಾಗಿಲಲ್ಲಿ ಕೈ ತಪಾಸಣೆ ಶುರುವಾಯಿತು. ವಾಚಮನ್ ಒಂದು ಸ್ಟೂಲ್ ಹಾಕಿಕೊಂಡು ಕೂತು, ಒಬ್ಬೊಬ್ಬರದೇ ಕೈ ಮುಂದೆ ಚಾಚಿಸಿ, ಅಂಗೈ ನೋಡಿ, ಮಗುಚಿ ಹಿಂಗೈ ನೋಡಿ, ಮನಸ್ಸಿಗೆ ಬಂದವರಿಗೆ ಹೇಳುತ್ತಿದ್ದ: "ಹೋಗು, ತೊಳಕೊಂಡ ಬಾ." ಮೊಮ್ಮಕ್ಕಳಿದ್ದ ಹೆಂಗಸರಿಗೆ! ಚೀಲ ಹೊರುವ ಗಂಡಸರು ಬೀಡಿ ಸೇದಿದ ಕೈಯಲ್ಲೇ ಅವರ ಪಕ್ಕದಿಂದ ಒಳಗೆ ಹೋಗುತ್ತಿದ್ದರು, ಅವರನ್ನು ಕೇಳುವವರಿಲ್ಲ. ನಾನು ಸಾವಕಾರರ ಹತ್ತಿರ ಹೋಗಿ ಕೇಳಿಯೇ ಕೇಳಿದೆ. ಅವರು ನಕ್ಕು, ನಿನ್ನ ಕೆಲಸ ಮೆಣಸಿನಕಾಯಿ ನೋಡುವುದು, ಮಂದಿಯನ್ನು ನೋಡುವುದಲ್ಲ ಎಂದರು. ಮೈ ಉರಿದುಹೋಯಿತು.

ಅಷ್ಟರಲ್ಲಿ ಚೀನಾದ ಖರೀದಿದಾರ ಪಟ್ಟು ಹಿಡಿದ. ಮಾಲು ಪರೀಕ್ಷೆ ಮಾಡಿ ಸಹಿ ಹಾಕಿದವರೇ ಬಂದು ನೋಡಬೇಕು, ಇಲ್ಲದಿದ್ದರೆ ಮುಂದಿನ ವ್ಯವಹಾರವೇ ಬೇಡ ಎಂದು. ಸಹಿ ನನ್ನದು. ಹೊರಡುವ ಹಿಂದಿನ ದಿನ ಸಾವಕಾರರು ನನ್ನನ್ನು ಕೂರಿಸಿಕೊಂಡು ಪಾಠ ಹೇಳಿದರು. ಮೊದಲು ಹಡಗಿನಲ್ಲಿ ನೀರು ಸೋರಿದೆ ಎನ್ನಬೇಕು. ಅದು ನಡೆಯದಿದ್ದರೆ ಹೆಂಗಸರ ಕೈ ಎನ್ನಬೇಕು. ಮೂರನೆಯ ಮಾತು ಬಾಯಿಂದ ಹೊರಗೆ ಬೀಳಬಾರದು. ಮೂರನೆಯದು ಯಾವುದು ಎಂದು ಅವರೂ ಹೇಳಲಿಲ್ಲ, ನನಗೂ ಆಗ ಹೊಳೆಯಲಿಲ್ಲ.

ನನ್ನ ತವರು ಮೇಡ್ಲೇರಿ. ತುಂಗಭದ್ರೆಯ ಹೊಳೆ ಬಿಟ್ಟರೆ ದೊಡ್ಡ ನೀರು ಕಂಡವಳಲ್ಲ. ಚಿಂಗ್‌ಡಾವಿನಲ್ಲಿ ಇಳಿದಾಗ ಕೊಲ್ಲಿಯ ಮೇಲೆ ಮಂಜು ಕವಿದು, ಎಲ್ಲಿ ನೀರು ಮುಗಿದು ಎಲ್ಲಿ ಊರು ಶುರುವಾಗುತ್ತದೆ ಎಂದೇ ತಿಳಿಯುತ್ತಿರಲಿಲ್ಲ. ಖರೀದಿದಾರ ಕಳಿಸಿದ ದುಭಾಷಿ ಹುಡುಗಿ ಬಂದಿದ್ದಳು. ಇಂಗ್ಲಿಷ್ ಸ್ವಚ್ಛವಾಗಿ ಮಾತಾಡುತ್ತಿದ್ದಳು, ನಗು ಮಾತ್ರ ಕಡಿಮೆ. ಹಳೆಯ ಊರು ಕೊಲ್ಲಿಯ ಈ ದಡದಲ್ಲಿ, ದೊಡ್ಡ ಹಡಗುಗಳ ಹೊಸ ಬಂದರು ಆ ದಡದಲ್ಲಿ. ನಡುವೆ ಸಮುದ್ರದ ಮೇಲೆ ಕಣ್ಣಿಗೆ ತುದಿ ಕಾಣದಷ್ಟು ಉದ್ದದ ಸೇತುವೆ, ಅದು ಸಾಲದೆಂದು ನೀರಿನ ಅಡಿಯಲ್ಲಿ ಸುರಂಗ. ನಮ್ಮ ಕಾರು ಸುರಂಗದೊಳಗೆ ಹೊಕ್ಕಾಗ ತಲೆಯ ಮೇಲೆ ಸಮುದ್ರ ಇದೆ ಎಂದು ಅವಳು ಹೇಳಿದಳು. ಹೇಳದಿದ್ದರೆ ಚೆನ್ನಾಗಿತ್ತು.

ಆ ದಡದ ಬಂದರಿನ ಒಂದು ಭಾಗದಲ್ಲಿ ಮನುಷ್ಯರೇ ಇಲ್ಲ. ಕಂಟೇನರನ್ನು ಹಡಗಿನಿಂದ ಎತ್ತುವ ಕ್ರೇನಿನಲ್ಲಿ ಆಪರೇಟರ್ ಇಲ್ಲ, ಅದನ್ನು ಹೊತ್ತು ಓಡುವ ಗಾಡಿಯಲ್ಲಿ ಡ್ರೈವರ್ ಇಲ್ಲ. ಎಲ್ಲ ತಾವಾಗಿಯೇ ತಿರುಗುತ್ತವೆ, ನಿಲ್ಲುತ್ತವೆ, ಒಂದಕ್ಕೊಂದು ದಾರಿ ಬಿಡುತ್ತವೆ. ಮೋಟೆಬೆನ್ನೂರು ಹೆದ್ದಾರಿಯಲ್ಲಿ ನಮ್ಮ ಲಾರಿಗಳು ದಾರಿ ಬಿಡುವುದನ್ನು ನೋಡಿದವಳಿಗೆ ಇದು ಬೆರಗು. ಇಲ್ಲಿಂದ ಕಂಟೇನರುಗಳು ರೈಲು ಹತ್ತಿ ಚೀನಾದ ಆ ತುದಿ ದಾಟಿ ಮಧ್ಯ ಏಷ್ಯಾದವರೆಗೆ ಹೋಗುತ್ತವಂತೆ. ಇಷ್ಟೆಲ್ಲ ಜಾಣತನದ ನಡುವೆ ನಮ್ಮ ಕಂಟೇನರು ಒಂದು ಮೂಲೆಯ ಗೋದಾಮಿನ ಮುಂದೆ ಅಪರಾಧಿಯಂತೆ ನಿಂತಿತ್ತು.

ವಿಮೆಯ ಕಡೆಯ ಪರೀಕ್ಷಕ ನನಗಾಗಿ ಕಾಯುತ್ತಿದ್ದ. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಬಾಗಿಲು ತೆಗೆದ ಕೂಡಲೇ ಬಂದ ವಾಸನೆ ಇನ್ನೂ ಮೂಗಿನಲ್ಲಿದೆ. ಘಾಟು ಇರಲಿಲ್ಲ, ಮಳೆಗಾಲದಲ್ಲಿ ಮರೆತ ಒದ್ದೆ ಗೋಣಿಯ ವಾಸನೆ. ಮೇಲಿನ ಸಾಲಿನ ಚೀಲಗಳಿಗೆ ನೀರಿನ ಕಲೆ ಇತ್ತು. ಸಾವಕಾರರ ಮೊದಲ ಮಾತು ನಿಜವಿರಬಹುದೇ ಎಂದು ನನಗೂ ಆಸೆಯಾಯಿತು. ಎಲ್ಲ ಚೀಲ ಇಳಿಸಿದ ಮೇಲೆ ಪರೀಕ್ಷಕ ನನ್ನನ್ನೂ ಕರೆದುಕೊಂಡು ಖಾಲಿ ಕಂಟೇನರಿನೊಳಗೆ ಹೋಗಿ ಬಾಗಿಲು ಮುಚ್ಚಿಸಿದ. ಸೋರುವ ಕಂಟೇನರಾದರೆ ಎಲ್ಲಾದರೂ ಬೆಳಕಿನ ಚುಕ್ಕೆ ಕಾಣಲೇಬೇಕು. ಕಣ್ಣು ಕತ್ತಲೆಗೆ ಹೊಂದಿಕೊಳ್ಳುವವರೆಗೆ ನಿಂತೆವು. ಸೂಜಿಮೊನೆಯಷ್ಟು ಬೆಳಕೂ ಇರಲಿಲ್ಲ. ಹೊರಗಿನ ನೀರು ಒಳಗೆ ಬಂದಿಲ್ಲ.

ಹಾಗಾದರೆ ಮೇಲಿನ ಕಲೆ? ಅವನು ಚೀಲಗಳನ್ನು ನಡುವೆ ಸೀಳಲು ಹೇಳಿದ. ಹೊರಮೈ ಗರಿಗರಿ ಇದ್ದ ಚೀಲಗಳೂ ನಡುವಿನಲ್ಲಿ ಕರಿ ಬೆಲ್ಲದ ಉಂಡೆಯಂತೆ ಅಂಟಿಕೊಂಡಿದ್ದವು. ಕಾಯಿಯೊಳಗಿನ ತೇವ ಬಿಸಿ ಸಮುದ್ರದಲ್ಲಿ ಆವಿಯಾಗಿ ಎದ್ದಿದೆ, ಹಡಗು ಉತ್ತರದ ತಣ್ಣನೆಯ ಕಡಲಿಗೆ ಬಂದಾಗ ತಗಡಿನ ಚಾವಣಿಗೆ ತಾಗಿ ನೀರಾಗಿದೆ, ಅದೇ ತಿರುಗಿ ಚೀಲಗಳ ಮೇಲೆ ತೊಟ್ಟಿಕ್ಕಿದೆ. ನೀರು ಬ್ಯಾಡಗಿಯಿಂದಲೇ ಬಂದಿದೆ ಎಂದು ಪರೀಕ್ಷಕ ಬರೆದುಕೊಂಡ.

ಇನ್ನುಳಿದದ್ದು ಹೆಂಗಸರ ಕೈ. ನಾನು ಚೀಲಗಳನ್ನು ಎರಡು ಗುಂಪು ಮಾಡಿಸಿದೆ. ಆ ಕಂಟೇನರಿನಲ್ಲಿ ತೊಟ್ಟು ಬಿಡಿಸಿದ ಮಾಲಿನ ಜೊತೆ ತೊಟ್ಟು ಇರುವ ಮಾಲನ್ನೂ ತುಂಬಿದ್ದೆವು. ತೊಟ್ಟು ಇರುವ ಮಾಲು ಹೆಂಗಸರ ಮುಂದೆ ಬಂದದ್ದೇ ಅಲ್ಲ. ಮಾರುಕಟ್ಟೆಯಿಂದ ಬಂದು, ರಾಶಿಯಾಗಿ, ಕಾಯಿಯನ್ನು ಚೀಲಕ್ಕೆ ಒತ್ತಿ ತುಂಬುವ ಪ್ರೆಸ್ಸಿಗೆ ಸೀದಾ ಹೋದದ್ದು. ಅದರ ಚೀಲ ಸೀಳಿದೆ. ಅದೇ ಕರಿ ಉಂಡೆ. ಇನ್ನೊಂದು ಸೀಳಿದೆ. ಅದೂ ಹಾಗೆಯೇ. ಎರಡೂ ಬಗೆಯ ಮಾಲು ಸೇರುವ ಜಾಗ ಶೆಡ್ಡಿನಲ್ಲಿ ಒಂದೇ, ಪ್ರೆಸ್ಸು. ಸಾವಕಾರರು ಹೇಳಬೇಡ ಎಂದ ಮೂರನೆಯ ಮಾತು ಆಗ ನನಗೆ ಗೊತ್ತಾಯಿತು.

ನಮ್ಮ ಪೇಟೆಯಲ್ಲಿ ಒಂದು ರೂಢಿ ಇದೆ. ಕಾಯಿ ಪೂರ್ತಿ ಒಣಗಿದ್ದರೆ ಪ್ರೆಸ್ಸಿನ ಕೆಳಗೆ ಪಟಪಟ ಮುರಿದು ಬೀಜ ಉದುರುತ್ತದೆ. ಮುರಿದ ಕಾಯಿಗೆ ಮರ್ಯಾದೆ ಇಲ್ಲ. ಅದಕ್ಕೆ ಒತ್ತುವ ಮೊದಲು ನೀರು ಚಿಮುಕಿಸಿ ಮೆತ್ತಗೆ ಮಾಡುತ್ತಾರೆ. ಇದಕ್ಕೆ ಹದ ಕೊಡುವುದು ಎನ್ನುತ್ತಾರೆ. ನೀರು ಹಾಕಿದ್ದೀರೇನು ಎಂದು ಕೇಳಿ ನೋಡಿ, ಇಲ್ಲ ಎಂದೇ ಹೇಳುತ್ತಾರೆ, ದೇವರಗುಡ್ಡದ ಮೈಲಾರನ ಮೇಲೆ ಆಣೆಯನ್ನೂ ಮಾಡುತ್ತಾರೆ. ಹದವನ್ನು ಯಾರೂ ನೀರೆಂದು ತಿಳಿದೇ ಇಲ್ಲ. ತೇವ ಅಳೆಯುವುದು ರಾಶಿಯ ಮೇಲೆ, ಹದಕ್ಕಿಂತ ಮೊದಲು. ನಾನೂ ಹಾಗೆಯೇ ಅಳೆಯುತ್ತಿದ್ದೆ. ಹುಬ್ಬಳ್ಳಿಗೋ ಬೆಂಗಳೂರಿಗೋ ಲಾರಿಯಲ್ಲಿ ಹೋಗುವ ಮಾಲಿಗೆ ಇದರಿಂದ ಏನೂ ಆಗುವುದಿಲ್ಲ, ಗಾಳಿಗೆ ಆರಿಹೋಗುತ್ತದೆ. ಗಾಳಿಯಾಡದ ಕಬ್ಬಿಣದ ಪೆಟ್ಟಿಗೆಯಲ್ಲಿ ವಾರಗಟ್ಟಲೆ ಸಮುದ್ರದ ಮೇಲೆ ಹೋಗುವ ಮಾಲಿಗೆ ಅದೇ ವಿಷ. ಪ್ರೆಸ್ಸಿನ ಹತ್ತಿರ ಪೈಪು ಹಿಡಿದು ನಿಲ್ಲುವವರು ಸಾವಕಾರರ ಅಳಿಯಂದಿರು. ಈ ಸಲ ಬಿಸಿಲು ಜೋರು, ಕಾಯಿ ಮುರಿಯುತ್ತಿದೆ, ಹದ ಜಾಸ್ತಿ ಕೊಡಿ ಎಂದು ಸಾವಕಾರರೇ ಕೂಗಿದ್ದನ್ನು ಶೆಡ್ಡಿನವರೆಲ್ಲ ಕೇಳಿದ್ದೆವು.

ಮರುದಿನ ಖರೀದಿದಾರನ ಭೇಟಿ. ಚೀಲ ಸೀಳಿದ ದಿನವೇ ಸಂಜೆ ದುಭಾಷಿ ನನ್ನನ್ನು ಹಳೆಯ ಊರು ತೋರಿಸಲು ಕರೆದೊಯ್ದಳು. ಕೆಂಪು ಹೆಂಚಿನ ಮನೆಗಳು, ಗಡಿಯಾರದ ಗೋಪುರವಿರುವ ರೈಲು ನಿಲ್ದಾಣ. ಇದು ಮೀನುಗಾರರ ಹಳ್ಳಿಯಂತಿದ್ದ ಜಾಗ. ಜರ್ಮನರು ಬಂದು ಕಿತ್ತುಕೊಂಡು, ಬಂದರು ಕಟ್ಟಿ, ಒಳನಾಡಿನ ಕಲ್ಲಿದ್ದಲು ಸಾಗಿಸಲು ಜೀನಾನ್ ಎಂಬ ಊರಿನವರೆಗೆ ರೈಲು ಹಾಕಿದರು, ಕುಡಿಯಲು ಬಿಯರ್ ಕಾರ್ಖಾನೆಯನ್ನೂ ಮಾಡಿಕೊಂಡರು ಎಂದಳು. ನಾನು ದಿನಾ ರಾಣೆಬೆನ್ನೂರಿನಿಂದ ಬ್ಯಾಡಗಿಗೆ ಹೋಗುವ ಹಳಿಯೂ ಪರದೇಶಿಗಳ ಕಾಲದ್ದೇ ಎಂದೆ. ಆಮೇಲೆ ಜಪಾನಿನವರು ಬಂದರಂತೆ, ಹತ್ತಿಗಿರಣಿ ಹಾಕಿದರಂತೆ, ಮುಷ್ಕರ ಮಾಡಿದ ಕೂಲಿಗಳ ಮೇಲೆ ಗುಂಡು ಹಾರಿತಂತೆ.

ಕಡಲ ದಂಡೆಯ ಒಂದು ಚೌಕದಲ್ಲಿ ಬೆಂಕಿಯ ಸುಳಿಯಂತಹ ಕೆಂಪು ಶಿಲ್ಪ ನಿಂತಿತ್ತು. ಮೊದಲ ಮಹಾಯುದ್ಧ ಮುಗಿದಾಗ ದೊಡ್ಡ ದೇಶಗಳು ಪ್ಯಾರಿಸಿನಲ್ಲಿ ಕೂತು, ಜರ್ಮನರ ಕೈಯಲ್ಲಿದ್ದ ಈ ಊರನ್ನು ಚೀನಾದವರಿಗೆ ಕೊಡದೆ ಜಪಾನಿಗೆ ಕೊಟ್ಟವು. ಅದನ್ನು ಕೇಳಿ ಬೀಜಿಂಗಿನ ವಿದ್ಯಾರ್ಥಿಗಳು ಬೀದಿಗಿಳಿದ ದಿನದ ನೆನಪಿಗೆ ಈ ಚೌಕ. ದುಭಾಷಿ ಇದನ್ನು ಹೇಳುವಾಗ ಅವಳ ದನಿ ಮೊದಲ ಸಲ ಏರಿತು. ನಿಮ್ಮ ಊರನ್ನು ನಿಮ್ಮನ್ನು ಕೇಳದೆ ಯಾರಿಗೋ ಕೊಟ್ಟರೆ ನಿಮಗೆ ಸಿಟ್ಟು ಬರುವುದಿಲ್ಲವೇ ಎಂದು ನನ್ನನ್ನೇ ಕೇಳಿದಳು. ಬರುತ್ತದೆ ಎಂದೆ. ಬ್ರಿಟಿಷರ ವಿರುದ್ಧ ಎದ್ದು ನಿಂತವರ ಕಥೆ ಕೇಳುತ್ತ ಬೆಳೆದ ಊರು ನಮ್ಮ ಕಡೆಯೂ ಒಂದಿದೆ, ನಿಮ್ಮ ಮೆಣಸಿನಕಾಯಿಯ ತೊಟ್ಟು ಬಿಡಿಸುವವರು ಆ ಊರಿನವರೇ ಎಂದು ಹೇಳಿದೆ.

ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ಆ ಊರಿನಿಂದಲೇ ಫೋನ್ ಬಂತು. ಗುಂಪಿನ ಹಿರಿಯಕ್ಕ.

"ಅಕ್ಕಾರ, ಸಾವಕಾರ್ರು ನಮ್ಮನ್ನ ಬಿಡಿಸ್ಯಾರ್ರಿ. ತೊಟ್ಟು ತಗಿಯೋ ಮಷಿನ್ ತಂದಾರ. ಅದು ಹೋಗ್ಲಿ. ಪ್ಯಾಟ್ಯಾಗ ಬ್ಯಾರೆ ಯಾರೂ ನಮ್ಮನ್ನ ಒಳಗ ಬಿಟಗೊಳ್ಳವಲ್ರು. ಇವರ ಕೈ ಹತ್ತಿದ್ರ ಮಾಲು ಕೊಳಿತೈತಿ ಅಂತ ಸುದ್ದಿ ಹಬ್ಬೈತಿ." ಆಮೇಲೆ ಕೇಳಿದಳು: "ಖರೇ ಹೇಳ್ರಿ. ನಮ್ಮ ಕೈಯಿಂದ ಕೆಟ್ಟೈತೇನ್ರಿ?"

"ಇಲ್ಲ ಯಕ್ಕಾ. ನಾನ ಕಣ್ಣಾರೆ ನೋಡೇನಿ."

"ಹಂಗಾದ್ರ ಅದನ್ನ ಅಲ್ಲೇ ಹೇಳಿ ಬರ್ರಿ. ಇಲ್ಲಿ ಹೇಳಿದ್ರ ಯಾರೂ ಕೇಳೂದಿಲ್ಲ."

ಫೋನ್ ಇಟ್ಟ ಮೇಲೆ ನನಗೆ ಕಣ್ಣೀರು ಬಂತು, ದುಃಖದ್ದಲ್ಲ. ನನ್ನನ್ನು ಇಲ್ಲಿಗೆ ಅಟ್ಟಿ, ನನ್ನ ಬೆನ್ನ ಹಿಂದೆ ಅವರನ್ನು ಹೊರಹಾಕಿದ್ದಾರೆ! ಮಷಿನ್ನಿನ ಆಸೆ ಸಾವಕಾರರಿಗೆ ಮೊದಲಿನಿಂದಲೂ ಇತ್ತು. ಈಗ ಒಂದೇ ಸುಳ್ಳಿನಲ್ಲಿ ಅಳಿಯಂದಿರೂ ಉಳಿದರು, ಹೆಂಗಸರೂ ತೊಲಗಿದರು. ದುಭಾಷಿ ಬಿಸಿನೀರಿನ ಬಾಟಲಿ ನನ್ನ ಕೈಗೆ ಕೊಟ್ಟಳು.

ಖರೀದಿದಾರನ ಕಾರ್ಖಾನೆ ಕೊಲ್ಲಿಯ ತಲೆಯ ಹತ್ತಿರ ಜಿಯಾವ್‌ಜೋವ್ ಎಂಬಲ್ಲಿ. ಅದು ಅವರ ಬ್ಯಾಡಗಿ. ರಸ್ತೆಯ ಎರಡೂ ಬದಿ ಮೆಣಸಿನಕಾಯಿ ಗೋದಾಮುಗಳು. ಕಾರಿನ ಗಾಜು ಇಳಿಸಿದರೆ ಸೀನು ಬಂತು, ತವರಿಗೆ ಬಂದ ಹಾಗಾಯಿತು. ಖರೀದಿದಾರ ನೆರೆತ ಕೂದಲಿನ, ಗಂಭೀರ ಮನುಷ್ಯ. ಪರೀಕ್ಷಕ ತನ್ನ ವರದಿ ಓದಿದ: ಸೋರಿಕೆ ಇಲ್ಲ, ತೇವ ಮಾಲಿನದೇ. ತೇವ ಹೇಗೆ ಬಂತು ಎಂದು ಖರೀದಿದಾರ ದುಭಾಷಿಯ ಮೂಲಕ ನನ್ನನ್ನು ಕೇಳಿದ. ಕೇಳುವ ಮೊದಲೇ ಅವನು ನಮ್ಮ ಸಾವಕಾರರಿಗೆ ಫೋನ್ ಹಚ್ಚಿಸಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲೆ ಇಡಿಸಿದ್ದ. ಸಾವಕಾರರಿಗೆ ಇಂಗ್ಲಿಷ್ ಬಾರದು. ಅವರ ಕನ್ನಡವನ್ನು ನಾನು ಇಂಗ್ಲಿಷಿಗೆ ತರಬೇಕು, ದುಭಾಷಿ ಅದನ್ನು ಚೀನಿ ಭಾಷೆಗೆ.

"ನೋಡವಾ, ಹೆಣ್ಮಕ್ಳ ಹಸಿ ಕೈಯಿಂದ ಆಗೈತಿ ಅಂತ ಹೇಳು," ಎಂದರು ಸಾವಕಾರರು. "ಅವರನ್ನ ಬಿಡಿಸೇನಿ, ಮಷಿನ್ ಹಾಕೇನಿ ಅಂತನೂ ಹೇಳು. ಮುಗದ ಹೋಗ್ತದ."

ಮೂವರೂ ನನ್ನ ಬಾಯಿ ನೋಡುತ್ತಿದ್ದರು. ಆ ಕೋಣೆಯಲ್ಲಿ ಕನ್ನಡ ಗೊತ್ತಿದ್ದವಳು ನಾನೊಬ್ಬಳೇ. ಅವರ ಸುಳ್ಳು ನನ್ನ ನಾಲಿಗೆಯಿಂದಲೇ ದಾಟಬೇಕಿತ್ತು.

"ಸಾವಕಾರ್ರ, ತೊಟ್ಟಿನ ಮಾಲಿಗೆ ಯಾವ ಹೆಣ್ಮಗಳ ಕೈ ಹತ್ತಿತ್ರಿ?" ಎಂದೆ. "ಅದೂ ಕೊಳತೈತಿ."

ಸಾವಕಾರರು ದನಿ ತಗ್ಗಿಸಿ ಹೇಳಿದರು: "ಹದದ ಸುದ್ದಿ ಎತ್ತಬ್ಯಾಡ. ಎತ್ತಿದಿ ಅಂದ್ರ ತಿರುಗಿ ಶೆಡ್ಡಿಗೆ ಬರಬ್ಯಾಡ."

ಏನೆಂದರು ಎಂದು ದುಭಾಷಿ ಕೇಳಿದಳು. ತಪ್ಪನ್ನು ತೊಟ್ಟು ಬಿಡಿಸುವ ಹೆಂಗಸರ ಮೇಲೆ ಹಾಕು ಎನ್ನುತ್ತಿದ್ದಾರೆ, ಅದು ಸುಳ್ಳು ಎಂದು ಹೇಳಿದೆ. ಹೇಳಲು ಶುರುಮಾಡಿದ ಮೇಲೆ ನಿಲ್ಲಿಸಲಿಲ್ಲ. ರಾಶಿ, ಪ್ರೆಸ್ಸು, ಪೈಪು, ಹದ, ಎಲ್ಲ ಹೇಳಿದೆ. ಹದಕ್ಕೆ ಮೊದಲು ಅಳೆದು ಸಹಿ ಹಾಕಿದ್ದು ನಾನೇ ಎಂದೂ ಹೇಳಿದೆ. ದುಭಾಷಿ ನನ್ನ ಸಿಟ್ಟನ್ನೂ ಸೇರಿಸಿ ಹೇಳುತ್ತಿದ್ದಳು ಎಂದು ಅವಳ ದನಿಯಿಂದ ಗೊತ್ತಾಗುತ್ತಿತ್ತು. ಮೇಜಿನ ಮೇಲೆ ಸಾವಕಾರರು ಏನಂದಿಯವಾ, ಏನಂದಿ ಎಂದು ಕೇಳುತ್ತಲೇ ಇದ್ದರು.

ನೀರು ಯಾಕೆ ಹಾಕುತ್ತೀರಿ ಎಂದು ಖರೀದಿದಾರ ಕೇಳಿದ. ಕಾಯಿ ಮುರಿಯದೆ ಇಡಿಯಾಗಿ ನಿಮಗೆ ತಲುಪಲಿ ಎಂದು ಅಂದೆ. ಅವನು ಎದ್ದು, ಕಪಾಟಿನಿಂದ ಒಳ್ಳೆಯ ಒಣ ಕಾಯಿಯೊಂದನ್ನು ತಂದು, ನನ್ನ ಕಣ್ಣ ಮುಂದೆ ಮುಷ್ಟಿಯಲ್ಲಿ ಪುಡಿಮಾಡಿ ಮೇಜಿನ ಮೇಲೆ ಸುರಿದ. ನಾವು ಮೊದಲು ಮಾಡುವ ಕೆಲಸವೇ ಇದು, ಪುಡಿ ಮಾಡಿ ಬಣ್ಣ ತೆಗೆಯುತ್ತೇವೆ, ಇಡಿಯ ಕಾಯಿ ಬೇಕೆಂದು ನಿಮ್ಮನ್ನು ಕೇಳಿದವರು ಯಾರು ಎಂದ.

ಯಾರೂ ಕೇಳಿರಲಿಲ್ಲ. ಕಾಯಿ ಅಲ್ಲಿ ಏನಾಗುತ್ತದೆ ಎಂದು ನಾವೂ ಯಾವತ್ತೂ ಕೇಳಿರಲಿಲ್ಲ. ಪುಡಿಯಾಗಲು ಹೋಗುವ ಕಾಯಿ ಮುರಿಯದಿರಲಿ ಎಂದು ನೀರು ಹಾಕಿ ಕೊಳೆಸಿ, ಅದರ ಪಾಪವನ್ನು ಬಡ ಹೆಂಗಸರ ಕೈಗೆ ಒರೆಸಿದ್ದೆವು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಆ ಕಂಟೇನರಿನ ಮಾಲು ಅಲ್ಲೇ ನಾಶವಾಯಿತು, ಅದಕ್ಕೆ ಕ್ಷಮೆ ಸಿಗಲಿಲ್ಲ. ಮುಂದಿನ ಮಾಲಿಗೆ ಖರೀದಿದಾರ ಷರತ್ತು ಹಾಕಿದ: ಪ್ರೆಸ್ಸಿನಿಂದ ಇಳಿದ ಮೇಲೆ ಚೀಲದ ಬಾಯಲ್ಲೇ ತೇವ ಅಳೆಯಬೇಕು, ಅಳೆಯುವವಳು ನಾನೇ ಆಗಬೇಕು, ತೊಟ್ಟು ಮಾತ್ರ ಒಂದೂ ಉಳಿಯಬಾರದು. ಹೀಗಾಗಿ ಶೆಡ್ಡಿಗೆ ಬರಬೇಡ ಎಂದ ಸಾವಕಾರರೇ ನನಗೆ ಫೋನ್ ಮಾಡಿ ಯಾವಾಗ ಬರುತ್ತೀ ಎಂದು ಕೇಳಬೇಕಾಯಿತು. ತಂದ ಮಷಿನ್ನೂ ಮೂಲೆ ಸೇರಿತ್ತು. ಬ್ಯಾಡಗಿ ಕಾಯಿಯ ಸುಕ್ಕು ಸಿಪ್ಪೆ ಅದಕ್ಕೆ ಒಗ್ಗಲಿಲ್ಲ, ಕಾಯಿ ಹರಿಯುತ್ತಿತ್ತು, ತೊಟ್ಟು ಹಾಗೇ ಉಳಿಯುತ್ತಿತ್ತು. ಹೆಂಗಸರನ್ನು ಕರೆಸಿದರೆ ಮಾತ್ರ ಅಳೆಯುವ ಯಂತ್ರ ಮುಟ್ಟುತ್ತೇನೆ ಎಂದೆ. ಕರೆಸಿದರು.

ಮೋಟೆಬೆನ್ನೂರಿನ ಗುಂಪು ಬಂದ ಬೆಳಿಗ್ಗೆ ನಾನು ಬಾಗಿಲ ಹತ್ತಿರವೇ ಇದ್ದೆ. ಒಳಗೆ ರಾಶಿ ಕಾದಿತ್ತು, ಕಂಟೇನರ್ ಲಾರಿ ಬಂದು ನಿಂತಿತ್ತು. ವಾಚಮನ್ ಹಳೆಯ ಅಭ್ಯಾಸದಂತೆ ಸ್ಟೂಲ್ ಎಳೆದುಕೊಂಡು ಕೂತ. ಹಿರಿಯಕ್ಕ ಅವನ ಮುಂದೆ ಕೈ ಚಾಚಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಳಗೆ ನಿಂತಿದ್ದ ಸಾವಕಾರರನ್ನು ನೋಡಿದಳು.

"ಸಾವಕಾರ್ರ, ಮೊದಲ ನಿಮ್ಮ ಕೈ ತೋರಸ್ರಿ. ನಿಮ್ಮ ಅಳಿಯಂದ್ರದೂ ತೋರಸ್ಲಿ. ಆಮ್ಯಾಲೆ ನಾವ್ ತೋರಸ್ತೇವಿ."

ಸಾವಕಾರರ ಮುಖ ಕಪ್ಪಿಟ್ಟಿತು. ಕೈ ಜೇಬಿನಲ್ಲೇ ಇತ್ತು. ಹೆಂಗಸರು ಗದ್ದಲ ಮಾಡಲಿಲ್ಲ. ಬಾಗಿಲ ಹೊರಗೆ, ಗೋಡೆಯ ನೆರಳಿನಲ್ಲಿ ಕೂತು ಎಲೆ ಅಡಿಕೆ ತೆಗೆದರು. ಅಕ್ಕಪಕ್ಕದ ಶೆಡ್ಡಿನವರೆಲ್ಲ ಬಂದು ನಿಂತರು. ನೆರಳು ಗೋಡೆಯ ಬುಡಕ್ಕೆ ಸರಿಯಿತು. ಲಾರಿಯವನು ಬಂದು, ಹಡಗು ನಿಮಗಾಗಿ ಕಾಯುವುದಿಲ್ಲ ಎಂದು ಹೇಳಿಹೋದ. ಸಾವಕಾರರು ನನ್ನ ಕಡೆ ನೋಡಿದರು. ನಾನು ಮಾಲು ನೋಡುವವಳು, ಮಂದಿಯನ್ನು ನೋಡುವವಳಲ್ಲ ಎಂದು ಅವರ ಮಾತನ್ನೇ ಅವರಿಗೆ ನೆನಪಿಸಿದೆ.

ಕೊನೆಗೆ ಅವರು ಬಾಗಿಲಿಗೆ ಬಂದು, ಯಾರ ಮುಖವನ್ನೂ ನೋಡದೆ, ಬಲಗೈ ಚಾಚಿದರು. ಹಿರಿಯಕ್ಕ ಎದ್ದು ಬಂದು ಅಂಗೈ ನೋಡಿದಳು. ಮಗುಚಿಸಿ ಹಿಂಗೈ ನೋಡಿದಳು. ಅವಸರ ಮಾಡಲಿಲ್ಲ.

"ಹೋಗ್ರಿ," ಎಂದಳು, "ತೊಳಕೊಂಡ ಬರ್ರಿ."